ಸೊಪ್ಪು ಮಾರೋಕೆ ಲಕ್ಷ ವ್ಯೂಸ್ ಬೇಡ, ನೂರು ಮನೆ ಸಾಕು

ಈಗ ಹತ್ತು ಯುವ ರೈತರು ಒಂದು ಕಡೆ ಸೇರಿದರೆ ಮಳೆ, ರೇಟು ಮುಗಿದ ಮೇಲೆ ಮಾತು ಸೀದಾ ರೀಲ್ಸ್‌ಗೆ ಬರುತ್ತೆ. ಯಾರ ವಿಡಿಯೋ ಎಷ್ಟು ಓಡಿತು, ಯಾರಿಗೆ ಎಷ್ಟು ಸಾವಿರ ಫಾಲೋವರ್ಸ್ ಆದರು ಅನ್ನೋದೇ ಚರ್ಚೆ. ಆ ವಿಡಿಯೋದಿಂದ ಎಷ್ಟು ಕೆಜಿ ಮಾಲು ಹೋಯ್ತು ಅಂತ ಕೇಳಿದರೆ ಮಾತ್ರ ಉತ್ತರ ತಡವಾಗುತ್ತೆ. ಲಕ್ಷ ಜನ ನೋಡಿದ ಟೊಮೆಟೊ ಕೂಡ ಕೊನೆಗೆ ಅದೇ ಮಂಡಿಗೆ, ಅದೇ ಏಜೆಂಟ್ ಹೇಳಿದ ರೇಟಿಗೆ ಹೋಗಿರುತ್ತೆ.

ಸೋಶಿಯಲ್ ಮೀಡಿಯಾ ಬೇಡ ಅಂತ ನಾನು ಹೇಳ್ತಿಲ್ಲ. ತೋಟಗಾರಿಕೆ ಓದಿ, ಈಗ ಸಾವಯವ ತರಕಾರಿ ಬೆಳೆದು ನೇರವಾಗಿ ಮನೆಗಳಿಗೆ ಕೊಡುವ ನನಗೆ ಫೋನ್ ಕೂಡ ಗುದ್ದಲಿಯಷ್ಟೇ ಮುಖ್ಯ. ಆದರೆ ಅದನ್ನು ಎಲ್ಲಿಗೆ ಹಾಕಬೇಕು ಅನ್ನೋದರಲ್ಲಿ ನಮ್ಮ ಲೆಕ್ಕ ತಪ್ಪುತ್ತಿದೆ. ನನ್ನ ಅಭಿಪ್ರಾಯ ಇಷ್ಟೇ: ನೀವು ಬೆಳೆದ ಮಾಲು ಎಷ್ಟು ದಿನ ಬಾಳುತ್ತೋ, ನಿಮ್ಮ ಪೋಸ್ಟ್ ಅಷ್ಟೇ ದೂರ ಹೋದರೆ ಸಾಕು. ಅದಕ್ಕಿಂತ ದೂರ ಹೋದ ಪೋಸ್ಟ್‌ನಿಂದ ಹೆಸರು ಬರಬಹುದು, ಹಣ ಬರೋದಿಲ್ಲ.

ಬಾಳಿಕೆ ನೋಡಿ ದೂರ ಅಳೆಯಿರಿ

ಮೆಂತ್ಯ, ದಂಟು, ಪಾಲಕ್ ಬೆಳಿಗ್ಗೆ ಕಿತ್ತರೆ ಸಂಜೆಗೆ ಬಾಡೋಕೆ ಶುರು. ಇವನ್ನು ಬೆಳೆಯುವವರ ಗಿರಾಕಿ ಒಂದೆರಡು ಗಂಟೆ ದೂರದಲ್ಲಿ ಇರಬೇಕು. ತುಮಕೂರಿನ ಸೊಪ್ಪಿನ ವಿಡಿಯೋವನ್ನು ಬೀದರ್‌ನಲ್ಲೋ ದುಬೈನಲ್ಲೋ ನೋಡಿ ಹಾರ್ಟ್ ಒತ್ತಿದವರು ಒಂದು ಕಟ್ಟು ಸೊಪ್ಪೂ ಕೊಳ್ಳೋಕಾಗಲ್ಲ. ಬಣ್ಣ ತಿರುಗುವ ಹಂತದಲ್ಲಿ ಕಿತ್ತ ಟೊಮೆಟೊ ನಾಲ್ಕಾರು ದಿನ ತಡೆಯುತ್ತೆ, ಪಕ್ಕದ ಜಿಲ್ಲೆವರೆಗೂ ಹೋಗಬಹುದು. ಬಲಿತು ಕಿತ್ತ ಬಾದಾಮಿ ಮಾವು ಹಣ್ಣಾಗೋಕೆ ಒಂದು ವಾರದ ಮೇಲೆ ಬೇಕು, ಹಾಗಾಗಿ ಪೆಟ್ಟಿಗೆ ಕಟ್ಟಿ ದೂರದ ಊರಿಗೂ ಕಳಿಸಬಹುದು. ಅರಿಶಿನ ಪುಡಿ, ಬ್ಯಾಡಗಿ ಮೆಣಸಿನಕಾಯಿ, ರಾಗಿ, ಕಾಫಿ, ಹಲಸಿನ ಹಪ್ಪಳ ತಿಂಗಳುಗಟ್ಟಲೆ ಇರುತ್ತವೆ, ಕೊರಿಯರ್‌ನಲ್ಲಿ ಎಲ್ಲಿಗಾದರೂ ಹೋಗುತ್ತವೆ.

ಇಷ್ಟು ಗೊತ್ತಾದರೆ ಯಾವ ಆ್ಯಪ್ ಅನ್ನೋ ಪ್ರಶ್ನೆ ಅರ್ಧ ಬಗೆಹರಿಯಿತು. ಹಪ್ಪಳ, ಮಸಾಲೆ ಪುಡಿ, ಕಾಫಿ ಮಾರುವವರಿಗೆ ಇನ್‌ಸ್ಟಾಗ್ರಾಂ, ಯೂಟ್ಯೂಬ್ ನಿಜವಾಗಲೂ ಕೆಲಸಕ್ಕೆ ಬರುತ್ತವೆ. ಅವರು ವಿಡಿಯೋ ಮಾಡಲಿ, ಚೆನ್ನಾಗೇ ಮಾಡಲಿ. ಸೊಪ್ಪು, ತರಕಾರಿ, ಹಾಲು, ಹೂವಿನವರಿಗೆ ವಾಟ್ಸಾಪ್ ಸಾಕು. ಇವರು ದಿನಾ ಎರಡು ಗಂಟೆ ರೀಲ್ಸ್ ಎಡಿಟ್ ಮಾಡೋದು ಅಂದ್ರೆ ಕಳೆ ತೆಗೆಯೋ ಹೊತ್ತನ್ನು ಬೇರೆಯವರ ಮನರಂಜನೆಗೆ ಕೊಟ್ಟ ಹಾಗೆ.

ನೂರು ಮನೆ ಲೆಕ್ಕ

ಒಂದು ಸರಳ ಲೆಕ್ಕ ಹಾಕೋಣ. ನಿಮ್ಮ ತೋಟದಿಂದ 40 ಕಿಲೋಮೀಟರ್ ಒಳಗೆ ನೂರು ಮನೆ ಗಿರಾಕಿಗಳಿದ್ದಾರೆ. ಒಂದು ಮನೆ ವಾರಕ್ಕೆ ನಾಲ್ಕು ಕೆಜಿ ಮಿಶ್ರ ತರಕಾರಿ ತಗೊಳ್ಳುತ್ತೆ, ಸರಾಸರಿ ಕೆಜಿಗೆ 50 ರೂಪಾಯಿ ಅಂತ ಇಟ್ಟುಕೊಳ್ಳಿ. ಮನೆಗೆ 200, ನೂರು ಮನೆಗೆ 20,000 ರೂಪಾಯಿ. ಎಲ್ಲರೂ ಎಲ್ಲಾ ವಾರ ತಗೊಳ್ಳೋದಿಲ್ಲ. ಅರವತ್ತು ಮನೆಯವರು ತಗೊಂಡರೂ ವಾರಕ್ಕೆ 12,000. ಇದರಲ್ಲಿ ಬೀಜ, ಗೊಬ್ಬರ, ಕೂಲಿ, ಗೂಡ್ಸ್ ಆಟೋ ಬಾಡಿಗೆ, ಹಾಳಾದ ಮಾಲು ಎಲ್ಲಾ ಕಳೀಬೇಕು, ನಿಜ. ಆದರೆ ಈ ರೇಟು ಹೇಳಿದವರು ನೀವು. ಕೊಯ್ಯೋಕೆ ಮುಂಚೆಯೇ ಯಾರಿಗೆ ಎಷ್ಟು ಅಂತ ಗೊತ್ತು. ಮಂಡಿಯಲ್ಲಿ ಈ ಎರಡೂ ನಿಮ್ಮ ಕೈಯಲ್ಲಿ ಇರೋದಿಲ್ಲ.

ಇದಕ್ಕೆ ಬೇಕಾಗಿರೋದು ನೂರು ಜನರ ನಂಬಿಕೆ. ಅದು ವೈರಲ್ ಆಗಿ ಒಂದೇ ರಾತ್ರಿಗೆ ಬರೋ ವಸ್ತು ಅಲ್ಲ. ಹೇಳಿದ ದಿನ, ಹೇಳಿದ ತೂಕ, ಹೇಳಿದ ಮಾಲು ಹತ್ತಾರು ವಾರ ತಪ್ಪದೆ ಮನೆ ಮುಟ್ಟಿದಾಗ ಬರುತ್ತೆ.

ಬೋರ್ಡು, ಅಂಗಡಿ, ಪುಸ್ತಕ

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡೂ ರಸ್ತೆ ಬದಿಯ ಬೋರ್ಡ್ ಇದ್ದ ಹಾಗೆ. ಹೋಗೋ ಬರೋರು ನೋಡ್ತಾರೆ. ವಾಟ್ಸಾಪ್ ಅಂಗಡಿ, ಒಳಗೆ ಬಂದವರ ಜತೆ ವ್ಯವಹಾರ ಅಲ್ಲಿ. ಮೂರನೆಯದು ಹಳೇ ಕಾಲದ ನೋಟ್‌ಬುಕ್. ನನ್ನ ಪ್ರಕಾರ ಮೂರರಲ್ಲಿ ಹೆಚ್ಚು ಬೆಲೆ ಬಾಳೋದು ಈ ಪುಸ್ತಕವೇ.

ಬೋರ್ಡಿಗೆ ವಾರಕ್ಕೆ ಒಂದೆರಡು ಪೋಸ್ಟ್ ಸಾಕು. ಅದರ ಜತೆ ಗೂಗಲ್ ಮ್ಯಾಪ್‌ನಲ್ಲಿ ತೋಟದ ಹೆಸರು, ಜಾಗ, ಸಮಯ ಹಾಕಿ. ಇದು ಉಚಿತ. ಹೆದ್ದಾರಿ ಹತ್ತಿರ ತೋಟ ಇರೋರಿಗೆ, ತೋಟಕ್ಕೇ ಬಂದು ಕೊಳ್ಳುವ ಗಿರಾಕಿ ಇರೋರಿಗೆ ಇದು ರೀಲ್ಸ್‌ಗಿಂತ ಹೆಚ್ಚು ಉಪಯೋಗ.

ಅಂಗಡಿಗೆ ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿಕೊಳ್ಳಿ. ಅದೂ ಉಚಿತ. ಸಾಧ್ಯವಾದರೆ ಬೇರೆ ಸಿಮ್ ಇರಲಿ, ಮದುವೆ ಮನೆ ಫೋಟೋ ಮತ್ತು ಬದನೆಕಾಯಿ ಆರ್ಡರ್ ಒಂದೇ ಕಡೆ ಬೆರೆಯಬಾರದು. ಕ್ಯಾಟಲಾಗ್‌ನಲ್ಲಿ ಮಾಲಿನ ಫೋಟೋ, ಬೆಲೆ ಹಾಕಬಹುದು. ಲೇಬಲ್ ಹಾಕಿ ‘ಹಣ ಬಂತು’, ‘ಹಣ ಬಾಕಿ’, ‘ಹೊಸ ಗಿರಾಕಿ’ ಅಂತ ವಿಂಗಡಿಸಬಹುದು. ಪದೇಪದೇ ಕೇಳುವ ಪ್ರಶ್ನೆಗೆ ಉತ್ತರ ಮೊದಲೇ ಬರೆದಿಟ್ಟು ಒಂದೇ ಒತ್ತಿನಲ್ಲಿ ಕಳಿಸಬಹುದು. ನೀವು ಗದ್ದೆಯಲ್ಲಿದ್ದಾಗ ‘ಸಂಜೆ 7ಕ್ಕೆ ಉತ್ತರಿಸ್ತೀನಿ’ ಅಂತ ತಾನಾಗೇ ಹೋಗೋ ಹಾಗೆ ಇಡಬಹುದು.

ಗ್ರೂಪ್ ಮಾಡೋದೋ ಬ್ರಾಡ್‌ಕಾಸ್ಟ್ ಮಾಡೋದೋ ಅಂತ ತುಂಬಾ ಜನ ಕೇಳ್ತಾರೆ. ರೇಟು, ಆರ್ಡರ್ ವಿಷಯಕ್ಕೆ ಬ್ರಾಡ್‌ಕಾಸ್ಟ್ ಒಳ್ಳೇದು ಅಂತೀನಿ. ಒಂದು ಲಿಸ್ಟ್‌ಗೆ 256 ಜನರನ್ನು ಸೇರಿಸಬಹುದು. ಪ್ರತಿಯೊಬ್ಬರಿಗೂ ಅದು ನೀವು ಅವರಿಗೇ ಕಳಿಸಿದ ಮೆಸೇಜ್ ಹಾಗೆ ಹೋಗುತ್ತೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣಲ್ಲ. ಗ್ರೂಪ್‌ನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ, ಗುಡ್ ಮಾರ್ನಿಂಗ್ ಹೂಗಳ ಮಧ್ಯೆ ನಿಮ್ಮ ಬೀನ್ಸ್ ಕಳೆದುಹೋಗುತ್ತೆ. ಒಂದು ವಿಷಯ ನೆನಪಿಡಿ: ಗಿರಾಕಿ ಫೋನಲ್ಲಿ ನಿಮ್ಮ ನಂಬರ್ ಸೇವ್ ಆಗಿರಬೇಕು, ಇಲ್ಲದಿದ್ದರೆ ಬ್ರಾಡ್‌ಕಾಸ್ಟ್ ಮೆಸೇಜ್ ತಲುಪೋದೇ ಇಲ್ಲ. ಮೊದಲ ಸಲ ಮಾಲು ಕೊಡುವಾಗಲೇ ಎದುರು ನಿಂತು ‘ನಂಬರ್ ಸೇವ್ ಮಾಡ್ಕೊಳ್ಳಿ ಅಮ್ಮಾ’ ಅಂತ ಹೇಳಿ ಮಾಡಿಸಿ.

ಇನ್ನು ಪುಸ್ತಕ. ಹೆಸರು, ಬಡಾವಣೆ, ಮನೆಯಲ್ಲಿ ಎಷ್ಟು ಜನ, ಏನು ಇಷ್ಟ, ಏನು ತಿನ್ನಲ್ಲ, ಕೊನೇ ಸಲ ಯಾವಾಗ ತಗೊಂಡರು, ಇಷ್ಟು ಬರೆದಿಡಿ. ಫಾಲೋವರ್ಸ್ ಲಿಸ್ಟ್ ಕಂಪನಿಯದು. ಅಕೌಂಟ್ ಬ್ಲಾಕ್ ಆದರೆ ಅದು ಹೋಯ್ತು. ಪುಸ್ತಕ ನಿಮ್ಮದು. ಮೂರು ವಾರ ತಗೊಳ್ಳದ ಮನೆಗೆ ಒಂದು ಫೋನ್ ಮಾಡಿ ‘ಏನಾದ್ರೂ ಸರಿ ಇರಲಿಲ್ವಾ ಅಕ್ಕಾ?’ ಅಂತ ಕೇಳಿ. ಹೊಸ ಗಿರಾಕಿ ಹುಡುಕೋದಕ್ಕಿಂತ ಹೋಗ್ತಿರೋ ಗಿರಾಕಿಯನ್ನು ಉಳಿಸಿಕೊಳ್ಳೋದು ಅಗ್ಗ.

ಬಿತ್ತಿದ ದಿನವೇ ಪೋಸ್ಟ್ ಶುರು

ನಮ್ಮಲ್ಲಿ ಹೆಚ್ಚಿನವರು ಪೋಸ್ಟ್ ಹಾಕೋದು ಯಾವಾಗ? ಮಾಲು ಕೊಯ್ದು, ಮಂಡಿಯಲ್ಲಿ ರೇಟಿಲ್ಲ ಅಂತ ಗೊತ್ತಾದ ಮೇಲೆ. 2020ರ ಲಾಕ್‌ಡೌನ್‌ನಲ್ಲಿ ದ್ರಾಕ್ಷಿ, ಎಲೆಕೋಸು ಬೆಳೆದವರು ಕಷ್ಟ ಹೇಳಿಕೊಂಡು ವಿಡಿಯೋ ಹಾಕಿದಾಗ ಎಷ್ಟೋ ಅಪಾರ್ಟ್‌ಮೆಂಟ್‌ನವರು ಲೋಡ್‌ಗಟ್ಟಲೆ ಕೊಂಡರು. ಅದು ಒಳ್ಳೇ ಮನಸ್ಸು. ಆದರೆ ಕನಿಕರದಿಂದ ಕೊಂಡವರು ಒಂದು ಸಲ ಕೊಳ್ತಾರೆ. ಪ್ರತಿ ಸೀಸನ್‌ನಲ್ಲೂ ಅಳೋ ವಿಡಿಯೋ ಹಾಕೋಕಾಗಲ್ಲ, ಹಾಕಬಾರದು ಕೂಡ. ನಾವು ಬೇಡೋಕೆ ಬಂದವರಲ್ಲ, ಬೆಳೆದದ್ದನ್ನು ಮಾರೋಕೆ ಬಂದವರು.

ಹಾಗಾಗಿ ಬೆಳೆ ಕ್ಯಾಲೆಂಡರನ್ನೇ ಪೋಸ್ಟ್ ಕ್ಯಾಲೆಂಡರ್ ಮಾಡಿಕೊಳ್ಳಿ. ಮೆಂತ್ಯ 25-30 ದಿನಕ್ಕೆ ಬರುತ್ತೆ, ಮೂಲಂಗಿ 40-45 ದಿನ, ಬೀನ್ಸ್ ಸುಮಾರು 50 ದಿನ. ಬಿತ್ತಿದ ದಿನ ಒಂದು ಫೋಟೋ. ಹೂ ಬಿಟ್ಟಾಗ ಒಂದು. ಕೊಯ್ಲಿಗೆ ಹತ್ತು ದಿನ ಇರುವಾಗ ‘ಮುಂದಿನ ವಾರ ಬೀನ್ಸ್ ಶುರು’ ಅಂತ ಒಂದು. ಆರ್ಡರ್ ಕೇಳೋ ಹೊತ್ತಿಗೆ ಗಿರಾಕಿ ಆ ಬೆಳೆಯನ್ನು ಮೂರು ಸಲ ನೋಡಿರ್ತಾರೆ. ಇದಕ್ಕೆ ಸ್ಟೇಟಸ್ ಸಾಕು. ಅದು 24 ಗಂಟೆಗೆ ಮಾಯವಾಗುತ್ತೆ, ಯಾರಿಗೂ ಕಿರಿಕಿರಿ ಇಲ್ಲ.

ಎಲ್ಲಾ ಬೀಜ ಒಂದೇ ದಿನ ಬಿತ್ತಿ ಒಂದೇ ದಿನ ಮಾರೋಕೆ ಹೊರಟರೆ ಯಾವ ಆ್ಯಪ್ ಕೂಡ ಕಾಪಾಡಲ್ಲ. ಸೊಪ್ಪನ್ನು ವಾರಕ್ಕೊಂದು ಮಡಿಯಂತೆ ಬಿತ್ತಬೇಕು. ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯಲೇಬೇಕು, ಬಲಿತರೆ ಯಾರೂ ಮುಟ್ಟಲ್ಲ. ವಾರಕ್ಕೆ ಒಂದೇ ಡೆಲಿವರಿ ಇರೋರು ಬೆಂಡೆ ಎಷ್ಟು ಸಾಲು ಹಾಕಬೇಕು ಅನ್ನೋದನ್ನು ಆ ಪುಸ್ತಕ ನೋಡಿ ತೀರ್ಮಾನಿಸಬೇಕು. ಮಾರಾಟ ಚೆನ್ನಾಗಿ ನಡೆಯೋದು ಫೋನಿಗಿಂತ ಮೊದಲು ಬಿತ್ತನೆಯಲ್ಲಿ.

ಏನು ಬರೆಯೋದು?

‘ತಾಜಾ ಸಾವಯವ ತರಕಾರಿ ಲಭ್ಯ, ಹೆಚ್ಚಿನ ಮಾಹಿತಿಗೆ ಸಂಪರ್ಕಿಸಿ.’ ಇಂಥ ಪೋಸ್ಟ್ ದಿನಾ ನೋಡ್ತೀವಿ. ಬೆಲೆ ಇಲ್ಲ, ಊರಿಲ್ಲ, ದಿನ ಇಲ್ಲ. ಬೆಲೆ ಕೇಳೋಕೆ ಫೋನ್ ಮಾಡುವಷ್ಟು ತಾಳ್ಮೆ ಯಾರಿಗೂ ಇಲ್ಲ. ಪ್ರತಿ ಮೆಸೇಜ್‌ನಲ್ಲೂ ನಾಲ್ಕು ಸಂಗತಿ ಇರಲೇಬೇಕು: ಏನು, ಎಷ್ಟಕ್ಕೆ, ಯಾವತ್ತು, ಎಲ್ಲಿಗೆ. ಒಂದು ಮಾದರಿ ನೋಡಿ:

‘ಶನಿವಾರದ ಬುಟ್ಟಿ. ಬೀನ್ಸ್ ಅರ್ಧ ಕೆಜಿ 40, ಬದನೆ 1 ಕೆಜಿ 45, ಮೆಂತ್ಯ ಕಟ್ಟು 20. ಗುರುವಾರ ರಾತ್ರಿ 9ರ ಒಳಗೆ ತಿಳಿಸಿ. ಶನಿವಾರ ಬೆಳಿಗ್ಗೆ 7ರಿಂದ 10 ನಿಮ್ಮ ಗೇಟಿಗೆ. ಈ ವಾರ ಮಳೆಗೆ ಟೊಮೆಟೊ ಒಡೆದಿದೆ, ಕೊಡೋಕಾಗಲ್ಲ.’

ಕೊನೇ ಸಾಲು ಗಮನಿಸಿ. ಇಲ್ಲ ಅನ್ನೋದನ್ನೂ ಮುಂಚೆ ಹೇಳಿದರೆ ಇದೆ ಅಂದಾಗ ಜನ ನಂಬ್ತಾರೆ. ಫೋಟೋಗೆ ದೊಡ್ಡ ಕ್ಯಾಮೆರಾ ಬೇಡ. ಬೆಳಿಗ್ಗೆ ಎಳೆಬಿಸಿಲಲ್ಲಿ, ಕೈಯಲ್ಲಿ ಹಿಡಿದು ತೆಗೆಯಿರಿ, ಗಾತ್ರ ಗೊತ್ತಾಗುತ್ತೆ. ಅಂತರ್ಜಾಲದಿಂದ ಎತ್ತಿದ ಹೊಳೆಯೋ ಟೊಮೆಟೊ ಫೋಟೋ ಮಾತ್ರ ಹಾಕಬೇಡಿ. ಗಿರಾಕಿ ಅದನ್ನೂ ನಿಮ್ಮ ಬುಟ್ಟಿಯನ್ನೂ ಪಕ್ಕದಲ್ಲಿಟ್ಟು ನೋಡ್ತಾರೆ.

ಬೆಲೆ ಬಿಟ್ಟು ಇನ್ನೇನು ಹಾಕೋದು ಅಂದ್ರೆ, ಗಿರಾಕಿಗೆ ಅಡುಗೆಮನೆಯಲ್ಲಿ ಕೆಲಸಕ್ಕೆ ಬರೋದು. ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡೋದು ಹೇಗೆ, ಬಾದಾಮಿ ಮಾವನ್ನು ಭತ್ತದ ಹುಲ್ಲಿನಲ್ಲಿ ಹಣ್ಣು ಮಾಡೋದು ಹೇಗೆ, ಕಾರ್ಬೈಡ್ ಯಾಕೆ ನಿಷೇಧ ಆಗಿದೆ, ಹೀಗೆ. ಇದಕ್ಕೆ ನಮ್ಮಲ್ಲೇ ಒಳ್ಳೇ ಉದಾಹರಣೆ ಇದೆ. 2021ರಲ್ಲಿ ಕೃಷಿ ಪತ್ರಕರ್ತ ಶ್ರೀ ಪಡ್ರೆ ಅವರು ಬಾಳೆಕಾಯಿ ಹುಡಿಯನ್ನು ಜನಪ್ರಿಯ ಮಾಡೋಕೆ ಹೊರಟಾಗ ಆಂದೋಲನ ಬೆಳೆದದ್ದು ವಾಟ್ಸಾಪ್‌ನಲ್ಲಿ. ‘ಬಾಕಾಹು’ ಅಂತ ಹೆಸರೇ ಬಿತ್ತು. ಜನ ಮನೆಯಲ್ಲೇ ಬಾಳೆಕಾಯಿ ಹೆಚ್ಚಿ, ಒಣಗಿಸಿ, ಪುಡಿ ಮಾಡಿ, ಅದರಿಂದ ಮಾಡಿದ ತಿಂಡಿಗಳ ಫೋಟೋ ಮತ್ತು ಅನುಭವ ಹಂಚಿಕೊಂಡರು. ಉತ್ತರ ಕನ್ನಡದ ಗೃಹಿಣಿಯರು ಇದರಲ್ಲಿ ಮುಂದಿದ್ದರು. ‘ಕೊಳ್ಳಿ ಕೊಳ್ಳಿ’ ಅನ್ನೋ ಜಾಹೀರಾತಿಗಿಂತ ‘ನಾನು ಹೀಗೆ ಮಾಡಿದೆ’ ಅನ್ನೋ ಫೋಟೋ ಹೆಚ್ಚು ಕೆಲಸ ಮಾಡಿತು. ಗ್ರೂಪ್ ಬೇಕು ಅನ್ನೋರು ಇಂಥ ಕೆಲಸಕ್ಕೆ ಮಾಡಿ.

ರೇಟು ಏರಿದಾಗ ಪರೀಕ್ಷೆ

2023ರ ಜುಲೈ ನೆನಪಿದೆ ಅಲ್ವಾ? ಟೊಮೆಟೊ ಕೆಜಿಗೆ ನೂರು ದಾಟಿತ್ತು, ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ಮೇಲೆ ಹೋಗಿತ್ತು. ಅಂಥ ಹೊತ್ತಲ್ಲಿ ಕಾಯಂ ಗಿರಾಕಿಯನ್ನು ಬಿಟ್ಟು ಎಲ್ಲಾ ಮಾಲು ಮಂಡಿಗೆ ಹಾಕೋ ಆಸೆ ಸಹಜ. ತಪ್ಪು ಅಂತ ಹೇಳೋಕೆ ನಾನ್ಯಾರು? ಆದರೆ ರೇಟು ಕೆಜಿಗೆ ಐದು ರೂಪಾಯಿಗೆ ಇಳಿದಾಗಲೂ ಆ ಮನೆಗಳವರು ನಿಮಗೆ 35-40 ಕೊಡಬೇಕು ಅಂತ ನಿಮಗೆ ಆಸೆ ಇದ್ದರೆ, ಏರಿದಾಗ ಅವರಿಗೂ ಒಂದು ಪಾಲು ಉಳಿಸಲೇಬೇಕು. ನನ್ನ ಸಲಹೆ: ಸೀಸನ್ ಶುರುವಿನಲ್ಲೇ ಒಂದು ಬೆಲೆ ಹೇಳಿ, ಯಾಕೆ ಅಷ್ಟು ಅಂತ ಖರ್ಚಿನ ಲೆಕ್ಕ ಹಾಕಿ ತೋರಿಸಿ, ಮತ್ತೆ ಅದನ್ನೇ ಹಿಡಿದುಕೊಳ್ಳಿ. ಬೇಕಾದರೆ ‘ಮನೆಗೆ ಒಂದೇ ಕೆಜಿ’ ಅಂತ ಮಿತಿ ಹಾಕಿ, ಮಿಕ್ಕಿದ್ದು ಮಂಡಿಗೆ ಕಳಿಸಿ. ಆ ವಾರ ನೀವು ಕಳಿಸೋ ಒಂದು ಮೆಸೇಜ್ ಐವತ್ತು ರೀಲ್ಸ್‌ಗೆ ಸಮ.

ದೂರು ಬಂದಾಗಲೂ ಇದೇ ಮಾತು. ಬದನೆಯಲ್ಲಿ ಹುಳ ಇದೆ ಅಂತ ಫೋಟೋ ಕಳಿಸಿದರೆ ವಾದ ಮಾಡಬೇಡಿ. ‘ಸಾವಯವ ಅಂದ್ರೆ ಹುಳ ಇರುತ್ತೆ ಮೇಡಂ’ ಅಂತ ಜಾರಿಕೊಳ್ಳೋದೂ ಬೇಡ. ಕ್ಷಮೆ ಕೇಳಿ, ಮುಂದಿನ ಬುಟ್ಟಿಯಲ್ಲಿ ಬದಲಿ ಕೊಡಿ, ಮತ್ತೆ ಕೊಯ್ಲಲ್ಲಿ ಆರಿಸುವವರಿಗೆ ಆ ಫೋಟೋ ತೋರಿಸಿ.

ಹೇಳಬಾರದ ಮಾತು

ಪೋಸ್ಟ್ ಅಂದ್ರೆ ಬಾಯಿಮಾತಲ್ಲ, ಬರೆದುಕೊಟ್ಟ ಹಾಗೆ. ಕಾನೂನು ಅದಕ್ಕೂ ಅನ್ವಯಿಸುತ್ತೆ. ಎಫ್‌ಎಸ್‌ಎಸ್‌ಎಐ 2017ರಲ್ಲಿ ತಂದ ಸಾವಯವ ಆಹಾರ ನಿಯಮಗಳ ಪ್ರಕಾರ ಸಾವಯವ ಅಂತ ಮಾರೋಕೆ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಪ್ರಮಾಣಪತ್ರ ಬೇಕು. ಸಣ್ಣ ಬೆಳೆಗಾರ ತಾನು ಬೆಳೆದದ್ದನ್ನು ನೇರವಾಗಿ ತಿನ್ನುವವರಿಗೇ ಮಾರಿದರೆ ಇದರಿಂದ ವಿನಾಯಿತಿ ಇದೆ. ಆದರೆ ಪ್ರಮಾಣಪತ್ರ ಇಲ್ಲದೆ ಜೈವಿಕ್ ಭಾರತ್ ಲೋಗೋ ಬಳಸೋ ಹಾಗಿಲ್ಲ. ಅಂಗಡಿಗೆ ಸಗಟಾಗಿ ಕೊಡುವವರು ಪ್ರಮಾಣಪತ್ರದ ವಿಷಯ ಮೊದಲೇ ನೋಡಿಕೊಳ್ಳಿ. ಐದಾರು ರೈತರು ಸೇರಿದರೆ ಪಿಜಿಎಸ್ ದಾರಿ ಸುಲಭ.

ರೈತನ ಕೈಯಲ್ಲಿರೋ ಹಸಿ ತರಕಾರಿ, ಹಣ್ಣು ಆಹಾರ ಸುರಕ್ಷತಾ ಕಾಯ್ದೆಯ ನೋಂದಣಿಗೆ ಬರೋದಿಲ್ಲ. ಉಪ್ಪಿನಕಾಯಿ, ಹಪ್ಪಳ, ಪುಡಿ ಮಾಡಿ ಮಾರಿದರೆ ನೋಂದಣಿ ಬೇಕು, ಪ್ಯಾಕೆಟ್ ಮೇಲೆ ಆ ನಂಬರ್ ಇರಬೇಕು. ಇನ್ನೊಂದು ಅಪಾಯದ ಮಾತು: ‘ಈ ಜ್ಯೂಸ್ ಕುಡಿದರೆ ಶುಗರ್ ವಾಸಿ’. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೆ ಅಂತ ಜಾಹೀರಾತು ಕೊಡೋದು 1954ರ ಕಾಯ್ದೆ ಪ್ರಕಾರ ಅಪರಾಧ. ಅದಕ್ಕಿಂತ ದೊಡ್ಡದು, ಯಾರೋ ಅದನ್ನು ನಂಬಿ ಮಾತ್ರೆ ನಿಲ್ಲಿಸಿಬಿಟ್ಟರೆ?

‘ಎಕರೆಗೆ ಇಪ್ಪತ್ತು ಲಕ್ಷ’ ಅಂತ ವಿಡಿಯೋ ಹಾಕಿ ಸಸಿ ಮಾರುವವರ ಸಾಲಿಗೂ ಸೇರಬೇಡಿ. ಅಲ್ಲಿ ಮೋಸ ಹೋಗೋರು ನಮ್ಮಂಥ ರೈತರೇ.

ಮೋಸಕ್ಕೆ ಸಿಗಬೇಡಿ

ನಂಬರ್ ಎಲ್ಲರಿಗೂ ಕಾಣೋ ಹಾಗೆ ಹಾಕಿದ ಮೇಲೆ ಕಳ್ಳರೂ ಫೋನ್ ಮಾಡ್ತಾರೆ. ‘ನಾನು ಆರ್ಮಿ ಆಫೀಸರ್, ಕ್ಯಾಂಪ್‌ಗೆ 200 ಕೆಜಿ ಬೇಕು, ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಅನ್ನೋದು ಹಳೇ ಆಟ, ಇನ್ನೂ ನಡೀತಿದೆ. ಹಣ ತಗೊಳ್ಳೋಕೆ ಸ್ಕ್ಯಾನ್ ಮಾಡೋದೂ ಬೇಡ, ಯುಪಿಐ ಪಿನ್ ಒತ್ತೋದೂ ಬೇಡ. ಪಿನ್ ಕೇಳಿತು ಅಂದ್ರೆ ಹಣ ಹೋಗೋ ದಾರಿ ಅದು. ವಾಟ್ಸಾಪ್‌ಗೆ ಎರಡು ಹಂತದ ಭದ್ರತೆ ಹಾಕಿ, ಒಟಿಪಿ ಯಾರಿಗೂ ಹೇಳಬೇಡಿ. ಹಣ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ಹಣ ಸಿಗೋದು ಕಷ್ಟ.

ಮೊದಲ ನೂರು ಎಲ್ಲಿಂದ?

‘ರೀಲ್ಸ್ ಇಲ್ಲದೆ ಹೊಸಬರು ಹೇಗೆ ಗೊತ್ತಾಗ್ತಾರೆ?’ ಅನ್ನೋ ಪ್ರಶ್ನೆ ನ್ಯಾಯವೇ. ನೆಂಟರು, ಜತೆಗೆ ಓದಿದವರು, ಹಾಲು ಹಾಕಿಸಿಕೊಳ್ಳೋ ಮನೆಯವರು, ಮಕ್ಕಳ ಶಾಲೆಯ ಮೇಷ್ಟ್ರು ಎಲ್ಲಾ ಸೇರಿ ಇಪ್ಪತ್ತು ಜನ ಸಿಗ್ತಾರೆ. ಅವರಿಗೆ ಎರಡು ತಿಂಗಳು ತಪ್ಪದೆ ಕೊಡಿ. ಒಬ್ಬರ ಗೇಟಿಗೆ ಬುಟ್ಟಿ ಬಂದರೆ ಪಕ್ಕದ ಮನೆಯವರು ಕೇಳೇ ಕೇಳ್ತಾರೆ. ಅಪಾರ್ಟ್‌ಮೆಂಟ್ ಆದರೆ ಸಂಘದವರನ್ನು ಕೇಳಿ ಒಂದು ಭಾನುವಾರ ಮೇಜು ಹಾಕಿ. ಒಂದೇ ಬಡಾವಣೆಯಲ್ಲಿ ಬೆಳೆದರೆ ಡೀಸೆಲ್ ಖರ್ಚೂ ಉಳಿಯುತ್ತೆ.

‘ನನ್ನ ಹತ್ರ ಅಷ್ಟು ಬಗೆ ತರಕಾರಿ ಇಲ್ಲ’ ಅನ್ನೋರು ನಾಲ್ಕೈದು ಜನ ಸೇರಿ ಒಂದೇ ಲಿಸ್ಟ್ ನಡೆಸಿ. ಒಬ್ಬರು ಸೊಪ್ಪು, ಒಬ್ಬರು ಹಣ್ಣು, ಒಬ್ಬರು ಗಾಣದ ಎಣ್ಣೆ. ಫೋನ್ ಮಾತ್ರ ಒಬ್ಬರ ಕೈಯಲ್ಲಿ ಇರಲಿ. ಅದು ಮನೆಯ ತಂಗಿಯೋ ಹೆಂಡತಿಯೋ ಆದರೆ ಅವರ ಹೊತ್ತಿಗೂ ಕೂಲಿ ಹಾಕಿ, ಅದೂ ದುಡಿಮೆಯೇ.

ದಿನಕ್ಕೆ ಅರ್ಧ ಗಂಟೆ ಮಾತ್ರ ಇದಕ್ಕೆ ಕೊಡಿ: ಬೆಳಿಗ್ಗೆ ಫೋಟೋಗೆ ಹತ್ತು ನಿಮಿಷ, ಸಂಜೆ ಉತ್ತರಕ್ಕೆ ಇಪ್ಪತ್ತು. ಮಿಕ್ಕ ಹೊತ್ತಲ್ಲಿ ಫೋನ್ ಜೇಬಲ್ಲಿ ಇರಲಿ. ಈ ವಾರ ಹೊಸ ರೀಲ್ ಮಾಡೋ ಬದಲು ಒಂದು ನೋಟ್‌ಬುಕ್ ತಗೊಂಡು ನಿಮ್ಮ ಮಾಲು ತಿನ್ನಬಹುದಾದ ಮೂವತ್ತು ಮನೆ ಹೆಸರು ಬರೆಯಿರಿ. ಮೂವತ್ತು ತುಂಬಲಿಲ್ಲ ಅಂದ್ರೆ, ಮುಂದಿನ ಹಂಗಾಮಿಗೆ ಎಷ್ಟು ಮಡಿ ಬಿತ್ತಬೇಕು ಅನ್ನೋದಕ್ಕೂ ಅಲ್ಲೇ ಉತ್ತರ ಇದೆ.